ಲಾಡ್ಜಿನ ಪುಸ್ತಕದಲ್ಲಿ ಮುತ್ತಜ್ಜನ ಹೆಸರು

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು ದಂಡಿನಲ್ಲಿಯೂ ಬಳ್ಳಾರಿಯಂಥ ಪಾಳೆಯಗಳಲ್ಲಿಯೂ ಇದ್ದ ಯುರೋಪಿಯನ್ ಸೈನಿಕರಲ್ಲಿ ಐರ್ಲೆಂಡಿನ ಕಥೋಲಿಕರು ಅನೇಕರು. ಅವರಲ್ಲಿ ಕೆಲವರು ಇಲ್ಲಿಯೇ ಮದುವೆಯಾಗಿ, ಮಕ್ಕಳನ್ನು ಪಡೆದು, ಇಲ್ಲಿಯ ಮಣ್ಣನ್ನೇ ಸೇರಿದರು. ಅಂಥವರ ವಂಶದವರು ಹಳೆಯ ದಾಖಲೆಗಳನ್ನು ತಿರುವಿಹಾಕುವಾಗ ಕೆಲವೊಮ್ಮೆ ಗಲಿಬಿಲಿಗೊಳ್ಳುವುದುಂಟು. ಜ್ಞಾನಸ್ನಾನದ ಪುಸ್ತಕದಲ್ಲಿ ಕಂಡ ಮುತ್ತಜ್ಜನ ಹೆಸರೇ ಫ್ರೀಮೇಸನ್ ಲಾಡ್ಜೊಂದರ ಸದಸ್ಯರ ಪಟ್ಟಿಯಲ್ಲೂ ಕಾಣಿಸುತ್ತದೆ. ಧರ್ಮಸಭೆ ನಿಷೇಧಿಸಿದ್ದ ಸಂಘದಲ್ಲಿ ನಮ್ಮ ಹಿರಿಯರಿದ್ದರೇ? ಹಾಗಾದರೆ ಅವರ ವಿಶ್ವಾಸದ ಗತಿಯೇನು?

ಲಾಡ್ಜ್ ಎಂದೊಡನೆ ನಮಗೆ ಬಸ್ ನಿಲ್ದಾಣದೆದುರಿನ ವಸತಿಗೃಹ ನೆನಪಾಗುವುದು ಸಹಜ. ಇಲ್ಲಿ ಅದು ಸೋದರ ಸಂಘವೊಂದರ ಶಾಖೆ. 1730ರ ಹೊತ್ತಿಗೇ ಕಲ್ಕತ್ತೆಯಲ್ಲಿ, 1752ರಲ್ಲಿ ಮದರಾಸಿನಲ್ಲಿ ಫ್ರೀಮೇಸನ್ ಲಾಡ್ಜುಗಳು ಹುಟ್ಟಿಕೊಂಡವು. ಸೈನಿಕರ ಸಂಗತಿ ಇನ್ನೂ ವಿಶೇಷ. ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1732ರಲ್ಲಿ ಪದಾತಿ ಪಡೆಯೊಂದಕ್ಕೆ ಸಂಚಾರಿ ಸನ್ನದನ್ನು ಕೊಟ್ಟಿತು. ಪಡೆ ಎಲ್ಲಿಗೆ ಹೋದರೆ ಲಾಡ್ಜೂ ಅಲ್ಲಿಗೆ. ಸನ್ನದು ಮತ್ತು ಪುಸ್ತಕಗಳು ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುತ್ತಿದ್ದವು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಜ್ವರಕ್ಕೋ ಗುಂಡಿಗೋ ಯಾವಾಗ ಬಲಿಯಾಗುವೆನೋ ಎಂದಿದ್ದ ಸೈನಿಕನಿಗೆ ಅದು ಗೆಳೆತನದ ತಾಣ. ತಾನು ಸತ್ತರೆ ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಸಿಕ್ಕೀತೆಂಬ ಭರವಸೆ. ಗುಪ್ತ ಮಂತ್ರಾಲೋಚನೆಗಳಿಗಿಂತ ಈ ಭರವಸೆಯೇ ಬಹುಮಂದಿಯನ್ನು ಸೆಳೆದಿರಬೇಕೆಂದು ನನ್ನ ಅನಿಸಿಕೆ.

ಹೆಸರು ಕಂಡ ಕೂಡಲೇ ತೀರ್ಮಾನಕ್ಕೆ ಬರುವಂತಿಲ್ಲ. ಮೊದಲು ಅದು ಯಾವ ಲಾಡ್ಜ್ ಎಂದು ತಿಳಿಯಬೇಕು. ಆಡ್‌ಫೆಲೋಗಳಿಗೂ ಪಾನನಿರೋಧದ ಗುಡ್ ಟೆಂಪ್ಲರುಗಳಿಗೂ ಲಾಡ್ಜುಗಳಿದ್ದವು. 1795ರಲ್ಲಿ ಐರ್ಲೆಂಡಿನ ಆರ್ಮಾ ಪ್ರಾಂತದಲ್ಲಿ ಹುಟ್ಟಿದ ಪ್ರಾಟೆಸ್ಟೆಂಟರ ಆರೆಂಜ್ ಲಾಡ್ಜುಗಳೂ ಸೈನ್ಯದೊಳಗೆ ಹಬ್ಬಿದ್ದವು. 1835ರಲ್ಲಿ ಪಾರ್ಲಿಮೆಂಟು ವಿಚಾರಣೆ ನಡೆಸಿದ ಮೇಲೆ ಅವುಗಳಿಗೆ ಕಡಿವಾಣ ಬಿತ್ತು. ಫ್ರೀಮೇಸನ್ ಲಾಡ್ಜಿನಲ್ಲಿ ಕಥೋಲಿಕನಿರುವುದು ಸಾಧ್ಯವಿತ್ತು, ಆರೆಂಜ್ ಲಾಡ್ಜಿನಲ್ಲಿ ಇರಲಾರ. ಇನ್ನು ಸಮಾಧಿಕಲ್ಲಿನ ಮೇಲೆ ಕೈವಾರವೋ ಮೂಲೆಮಟ್ಟವೋ ಕಂಡರೆ ಅದೊಂದೇ ಸಾಕ್ಷಿಯಾಗದು. ಅವು ಬಡಗಿಯ, ಗಾರೆಯವನ ಉಪಕರಣಗಳೂ ಹೌದಲ್ಲವೇ?

ಪಟ್ಟಿಯ ಹೆಸರು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿ ಬಂದುಹೋದ ಒಬ್ಬ ಸೈನಿಕನೇ ನಿದರ್ಶನ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದವನು, 1790ರ ಡಿಸೆಂಬರ್ 7ರಂದು ಐರ್ಲೆಂಡಿನ ಟ್ರಿಮ್ ಊರಿನ 494ನೆಯ ಲಾಡ್ಜಿಗೆ ಸೇರಿದನು. ಅವನ ತಂದೆ 1776ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಮಾಸ್ಟರ್. ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್, ಅವನ ಅಣ್ಣ ರಿಚರ್ಡ್, 1782ರಲ್ಲಿ ಅದೇ ಪದವಿಯಲ್ಲಿದ್ದವನು. ಇಷ್ಟನ್ನು ಓದಿದವರು ಶ್ರೀರಂಗಪಟ್ಟಣದ ಪತನದ ಹಿಂದೆಯೇ ಲಾಡ್ಜಿನ ಕೈವಾಡವನ್ನು ಊಹಿಸಿಯಾರು! ಆದರೆ 1838ರಲ್ಲಿ ಐರ್ಲೆಂಡಿನವರು ಲಾಡ್ಜೊಂದಕ್ಕೆ ಅವನ ಹೆಸರಿಡಲು ಅನುಮತಿ ಕೇಳಿದಾಗ ಆತ ಒಪ್ಪಲಿಲ್ಲ. ಟ್ರಿಮ್‌ನಲ್ಲಿ ಅತಿ ಕೆಳಗಿನ ದರ್ಜೆಗೆ ಸೇರಿದ್ದು ನೆನಪಿದೆ, ಆಮೇಲೆ ಯಾವ ಲಾಡ್ಜಿಗೂ ಕಾಲಿಡಲಿಲ್ಲ ಎಂದು ಉತ್ತರಿಸಿದನು. 1851ರಲ್ಲಿ, ಎಂಬತ್ತು ದಾಟಿದ ಮೇಲೆ, ಸೇರಿದ ನೆನಪೇ ತನಗಿಲ್ಲವೆಂದು ಬರೆದನು. ಪುಸ್ತಕ ಒಂದನ್ನು ಹೇಳುತ್ತದೆ, ಮನುಷ್ಯ ಇನ್ನೊಂದನ್ನು. ಮೇಲಾಗಿ ಅವನು 1798ರ ಸುಮಾರಿನವರೆಗೆ ತನ್ನ ಹೆಸರನ್ನು 'ವೆಸ್ಲಿ' ಎಂದೇ ಬರೆಯುತ್ತಿದ್ದನು. 'ವೆಲ್ಲೆಸ್ಲಿ' ಎಂದು ಹುಡುಕುವವನಿಗೆ 1790ರ ಪುಸ್ತಕದಲ್ಲಿ ಅವನು ಸಿಕ್ಕುವುದೂ ಕಷ್ಟ.

ವೆಲ್ಲೆಸ್ಲಿ ಪ್ರಾಟೆಸ್ಟೆಂಟನು. ಕಥೋಲಿಕರ ಮಾತೇನು? ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು 1738ರಲ್ಲಿಯೇ ಈ ಸಂಘಕ್ಕೆ ಸೇರಿದವರಿಗೆ ಬಹಿಷ್ಕಾರ ವಿಧಿಸಿದ್ದರು. 1751ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಅದನ್ನು ದೃಢಪಡಿಸಿದರು. ಆದರೆ ಕಠೋರ ದಂಡನ ಕಾನೂನುಗಳಡಿ ನಲುಗುತ್ತಿದ್ದ ಐರ್ಲೆಂಡಿನ ಧರ್ಮಸಭೆಯಲ್ಲಿ ಆ ಆಜ್ಞೆಗಳು ಬಹುಕಾಲ ಜಾರಿಯಾಗಲಿಲ್ಲ. ಕಥೋಲಿಕರು ನೂರಾರು ಸಂಖ್ಯೆಯಲ್ಲಿ ಲಾಡ್ಜುಗಳನ್ನು ಸೇರಿದರು. ಕಥೋಲಿಕರ ಹಕ್ಕುಗಳಿಗಾಗಿ ಹೋರಾಡಿದ ಡೇನಿಯಲ್ ಓಕಾನೆಲ್ ಕೂಡ 1797ರಲ್ಲಿ ಡಬ್ಲಿನ್ನಿನ 189ನೆಯ ಲಾಡ್ಜಿನ ಸದಸ್ಯನಾಗಿ, ಅದರ ಮುಖ್ಯಸ್ಥನೂ ಆದನು. ಧರ್ಮಸಭೆಯ ನಿಷೇಧ ತಿಳಿದ ಬಳಿಕ ಅದನ್ನು ತೊರೆದನು. 1837ರಲ್ಲಿ ಅದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳಿಕೊಂಡನು. 1829ರಲ್ಲಿ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದ ಕಾಯಿದೆಗಾಗಿ ಹೋರಾಡಿದವನು ಓಕಾನೆಲ್, ಪ್ರಧಾನಿಯಾಗಿ ಅದನ್ನು ಮಂಡಿಸಿ ಗೆಲ್ಲಿಸಿದವನು ವೆಲಿಂಗ್ಟನ್. ಇಬ್ಬರ ಹೆಸರೂ ಲಾಡ್ಜಿನ ಪುಸ್ತಕದಲ್ಲಿದ್ದವು! ಧರ್ಮಸಭೆಯ ನಿಲುವಂತೂ ಸಡಿಲಾಗಿಲ್ಲ: 1983ರ ನವೆಂಬರಿನಲ್ಲಿ ರೋಮ್ ಅದನ್ನು ಸ್ಪಷ್ಟಪಡಿಸಿತು, 2023ರಲ್ಲಿ ಪುನರುಚ್ಚರಿಸಿತು.

ಆದ್ದರಿಂದ ಮುತ್ತಜ್ಜ ಸೇರಿದ ವರ್ಷವೇ ಇಲ್ಲಿ ಮುಖ್ಯ. 1790ರಲ್ಲಿ ಸೇರಿದ ಐರಿಷ್ ಸೈನಿಕನೂ 1890ರಲ್ಲಿ ಸೇರಿದವನೂ ಒಂದೇ ತಿಳುವಳಿಕೆಯಿಂದ ಸೇರಿದವರಲ್ಲ. ಇಂಗ್ಲೆಂಡಿನ 1751ರಿಂದ 1921ರವರೆಗಿನ, ಐರ್ಲೆಂಡಿನ 1733ರಿಂದ 1923ರವರೆಗಿನ ಸದಸ್ಯತ್ವದ ಪುಸ್ತಕಗಳನ್ನು ಹಣ ತೆತ್ತು ಅಂತರಜಾಲದಲ್ಲಿ ನೋಡಬಹುದು. ಹುಡುಕುವ ಮುನ್ನ ಪಡೆಯ ಹೆಸರು ತಿಳಿದಿರಬೇಕು. ಇಲ್ಲವಾದರೆ ಒಂದೇ ಹೆಸರಿನ ಹತ್ತಾರು ಮರ್ಫಿಗಳ ನಡುವೆ ದಾರಿ ತಪ್ಪುತ್ತದೆ. ಆ ಪುಸ್ತಕಗಳಲ್ಲಿ ಸೇರಿದ ದಿನ, ವೃತ್ತಿ, ಕೆಲವೆಡೆ ವಂತಿಗೆ ಕೊಟ್ಟ ವರ್ಷಗಳೂ ಸಿಗುತ್ತವೆ. ಮದರಾಸು ಪ್ರಾಂತದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೂಲ ಪುಸ್ತಕಗಳು ಉಳಿದಿದ್ದರೆ ನಮ್ಮ ಹಳೆಯ ಧರ್ಮಕೇಂದ್ರಗಳ ಕಪಾಟುಗಳಲ್ಲಿ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಲಾಡ್ಜಿನಲ್ಲಿ ವಂತಿಗೆ ನಿಂತದ್ದು ಯಾವ ವರ್ಷ, ಗುರುಗಳ ಮುಂದೆ ಮದುವೆಯಾದದ್ದು ಯಾವ ವರ್ಷ, ಮಕ್ಕಳ ಜ್ಞಾನಸ್ನಾನ ಎಲ್ಲಿ ನಡೆಯಿತು, ಕೊನೆಗೆ ಶವವನ್ನು ಮಣ್ಣಿಗಿಟ್ಟು ಸಹಿ ಹಾಕಿದ ಗುರು ಯಾರು.