300 ಎಂದು ಬರೆದದ್ದು, 450ಕ್ಕೆ ಓಡಿದ್ದು

1998ರ ಮಾರ್ಚ್‌ನಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ‘ಪರಮ್ 10000’ ಎಂಬ ಸೂಪರ್‌ಕಂಪ್ಯೂಟರನ್ನು ದೇಶದ ಮುಂದಿಟ್ಟಿತು. 160 ಪ್ರೊಸೆಸರ್‌ಗಳನ್ನು ಒಂದಕ್ಕೊಂದು ಬೆಸೆದ ಯಂತ್ರ ಅದು. ಸೆಕೆಂಡಿಗೆ ಸುಮಾರು 10,000 ಕೋಟಿ ಲೆಕ್ಕ ಮಾಡಬಲ್ಲದು ಎಂದು ಪತ್ರಿಕೆಗಳು ಬರೆದವು. ಅದೇ ವರ್ಷ ಆಗಸ್ಟ್ 24ರಂದು ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಬಗ್ಗೆ ಯಾವ ಪತ್ರಿಕೆಯೂ ಮುಖಪುಟದಲ್ಲಿ ಬರೆಯಲಿಲ್ಲ. ಆದರೆ ಕಂಪ್ಯೂಟರನ್ನು ತಾವೇ ಜೋಡಿಸಿಕೊಂಡು ಆಟವಾಡುವ ಹುಡುಗರಿಗೆ ಆ ವರ್ಷದ ದೊಡ್ಡ ಸುದ್ದಿ ಅದೇ.

ಈ ಎರಡಕ್ಕೂ ಸಂಬಂಧವೇನು ಎಂದು ಕೇಳಬಹುದು. ಬೇಕಾದಷ್ಟು ವೇಗದ ಪ್ರೊಸೆಸರ್ ಕೈಗೆಟುಕದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ ಎರಡೂ ಕಡೆ ಇತ್ತು. ಸಂಸ್ಥೆಗೆ ಎಟುಕದಿದ್ದದ್ದು ಅಮೆರಿಕದ ರಫ್ತು ನಿಯಮಗಳಿಂದ, ಹುಡುಗರಿಗೆ ಎಟುಕದಿದ್ದದ್ದು ಬೆಲೆಯಿಂದ. ಇಬ್ಬರೂ ಉತ್ತರ ಹುಡುಕಿದ್ದು ಪ್ರೊಸೆಸರನ್ನು ಹೊತ್ತು ನಿಲ್ಲುವ ಬೋರ್ಡಿನಲ್ಲಿ.

ಮೊದಲು ಸಂಸ್ಥೆಯ ಕಥೆ. 1980ರ ದಶಕದಲ್ಲಿ ಮಳೆಯ ಮುನ್ಸೂಚನೆಗೆಂದು ಭಾರತ ಅಮೆರಿಕದಿಂದ ಕ್ರೇ ಸೂಪರ್‌ಕಂಪ್ಯೂಟರ್ ಕೊಳ್ಳಲು ಹೊರಟಿತು. ಅಣ್ವಸ್ತ್ರದ ಲೆಕ್ಕಕ್ಕೂ ಬಳಸಿಯಾರು ಎಂಬ ಅನುಮಾನದಿಂದ ಅಮೆರಿಕ ಬಹಳ ಎಳೆದಾಡಿ, ಕೊನೆಗೆ ಕೇಳಿದ್ದಕ್ಕಿಂತ ಕಡಿಮೆ ಸಾಮರ್ಥ್ಯದ ಮಾದರಿಯೊಂದನ್ನು ಷರತ್ತುಗಳ ಸಮೇತ ಕೊಟ್ಟಿತು. ಅದು ದೆಹಲಿಗೆ ಹೋಯಿತು. ಇತ್ತ ಸ್ವಂತ ಯಂತ್ರ ಕಟ್ಟಲೆಂದು 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಸಿ-ಡ್ಯಾಕ್ ಶುರುವಾಯಿತು. ಮುಖ್ಯಸ್ಥರು ವಿಜಯ್ ಭಟ್ಕರ್, ಗಡುವು ಮೂರು ವರ್ಷ. ಬೆಂಗಳೂರಿನ ಎನ್‌ಎಎಲ್ ಆಗಲೇ, 1986ರಲ್ಲಿ, ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಯಂತ್ರ ಕಟ್ಟಿತ್ತು ಎಂಬುದನ್ನು ಪುಣೆಯ ಕಥೆ ಹೇಳುವವರು ಅನೇಕ ಸಲ ಮರೆಯುತ್ತಾರೆ.

ಸಿ-ಡ್ಯಾಕ್ ಆರಿಸಿಕೊಂಡದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್ಪನ್ನು. ಟ್ರಾನ್ಸಿಸ್ಟರ್ ಮತ್ತು ಕಂಪ್ಯೂಟರ್ ಎರಡನ್ನೂ ಕೂಡಿಸಿ ಮಾಡಿದ ಹೆಸರು. ಇದರ ಟಿ800 ಮಾದರಿಯ ಒಂದೇ ಚಿಪ್ಪಿನೊಳಗೆ ಪ್ರೊಸೆಸರ್, ದಶಮಾಂಶ ಲೆಕ್ಕದ ಘಟಕ, 4 ಕಿಲೋಬೈಟ್ ಮೆಮೊರಿ, ಮತ್ತು ಪಕ್ಕದ ಚಿಪ್ಪುಗಳ ಜೊತೆ ನೇರ ಮಾತಾಡಲು ನಾಲ್ಕು ಕೊಂಡಿಗಳು ಇದ್ದವು. ಬೇರೆ ಪ್ರೊಸೆಸರ್‌ಗಳನ್ನು ಹತ್ತಾರು ಸಂಖ್ಯೆಯಲ್ಲಿ ಕೂಡಿಸಬೇಕೆಂದರೆ ಎಲ್ಲವೂ ಒಂದೇ ದಾರಿಯಲ್ಲಿ ಹೋಗಿ ನೂಕುನುಗ್ಗಲಾಗದಂತೆ ನೋಡಿಕೊಳ್ಳುವ ಜಟಿಲ ಬೋರ್ಡು ಬೇಕು. ಟ್ರಾನ್ಸ್‌ಪ್ಯೂಟರ್‌ಗೆ ಆ ರಗಳೆ ಇಲ್ಲ. ಚಿಪ್ ಇಡು, ಪಕ್ಕದಲ್ಲಿ ಮೆಮೊರಿ ಇಡು, ನಾಲ್ಕು ದಿಕ್ಕಿಗೆ ತಂತಿ ಎಳೆ. ಮೂರು ವರ್ಷದ ಗಡುವಿನವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇತ್ತೆಂದು ಹೇಳುವುದು ಕಷ್ಟ. ಇನ್‌ಮಾಸ್ ತನ್ನ ಪುಟ್ಟ ಬೋರ್ಡುಗಳನ್ನು ಹತ್ತರಂತೆ ಕೂರಿಸಿಕೊಳ್ಳುವ ದೊಡ್ಡ ಬೋರ್ಡೊಂದನ್ನೂ ಮಾರುತ್ತಿತ್ತು. ಅದನ್ನು ಕರೆಯುತ್ತಿದ್ದದ್ದು ಮದರ್‌ಬೋರ್ಡ್ ಎಂದೇ. ತಾಯಿ ಎಂಬ ಪದ ಅಲ್ಲಿ ನಿಜಕ್ಕೂ ಒಪ್ಪುತ್ತದೆ: ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ಹಲಗೆ. ಕನ್ನಡದ ಪಾರಿಭಾಷಿಕ ಪಟ್ಟಿಗಳ ‘ಮಾತೃಫಲಕ’ದಲ್ಲಿ ಆ ಮಡಿಲು ಕಾಣುವುದಿಲ್ಲ. ಅಂಗಡಿಯವರಂತೂ ಕನ್ನಡದಲ್ಲೂ ಮರಾಠಿಯಲ್ಲೂ ‘ಬೋರ್ಡು’ ಎಂದು ಮುಗಿಸುತ್ತಾರೆ.

ಟಿ800ರಲ್ಲಿ ಇನ್ನೊಂದು ವಿಶೇಷವಿತ್ತು. ಬೋರ್ಡಿನ ಮೇಲಿನ ಸ್ಫಟಿಕ ಅದಕ್ಕೆ ಕೊಡುತ್ತಿದ್ದ ಮಿಡಿತ ಬರೀ 5 ಮೆಗಾಹರ್ಟ್ಸ್. ಚಿಪ್ ತನ್ನೊಳಗೇ ಅದನ್ನು ಗುಣಿಸಿ 20, 25 ಅಥವಾ 30 ಮಾಡಿಕೊಳ್ಳುತ್ತಿತ್ತು. ಎಷ್ಟರಿಂದ ಗುಣಿಸಬೇಕು ಎಂದು ಹೇಳಲು ಮೂರು ಪಿನ್ನುಗಳಿದ್ದವು. ಆ ಪಿನ್ನುಗಳನ್ನು ಎಲ್ಲಿಗೆ ಕಟ್ಟಬೇಕೆಂಬುದು ಬೋರ್ಡು ಮಾಡುವವರ ಕೈಯಲ್ಲಿತ್ತು. ಚಿಪ್ಪಿನ ಬೆನ್ನ ಮೇಲಿನ ಸಂಖ್ಯೆ ತಯಾರಕರು ಕೊಡುವ ಭರವಸೆ. ಅದು ನಿಜವಾಗಿ ಓಡುವ ವೇಗ ಬೋರ್ಡಿನ ನಿರ್ಧಾರ. ಹಾಗೆಂದು ಸೂಪರ್‌ಕಂಪ್ಯೂಟರ್ ಕಟ್ಟುವವರು ಭರವಸೆ ಮೀರಿ ಓಡಿಸಲು ಹೋಗುವುದಿಲ್ಲ. ಆಟದ ಪರದೆಯಲ್ಲಿ ಒಂದು ಚುಕ್ಕೆ ತಪ್ಪಾದರೆ ನಷ್ಟವಿಲ್ಲ, ಹವಾಮಾನದ ಲೆಕ್ಕದಲ್ಲಿ ಒಂದು ಅಂಕಿ ತಪ್ಪಾದರೆ ತಪ್ಪಾಗಿದೆ ಎಂಬುದೇ ಯಾರಿಗೂ ತಿಳಿಯದೆ ಹೋಗಬಹುದು.

1991ರ ಜುಲೈನಲ್ಲಿ ‘ಪರಮ್ 8000’ ಹೊರಬಂತು. ಸೆಕೆಂಡಿಗೆ ಸುಮಾರು 100 ಕೋಟಿ ಲೆಕ್ಕ ಮಾಡಬಲ್ಲ ಯಂತ್ರ. ಮಾಸ್ಕೋದಲ್ಲೂ ಒಂದನ್ನು ಸ್ಥಾಪಿಸಿದರು. ಆದರೆ ಅಷ್ಟರಲ್ಲಿ ಟ್ರಾನ್ಸ್‌ಪ್ಯೂಟರ್‌ನ ಕಾಲವೇ ಮುಗಿಯುತ್ತಾ ಬಂದಿತ್ತು. ಇನ್‌ಮಾಸ್ ಮಾತು ಕೊಟ್ಟಿದ್ದ ಮುಂದಿನ ಚಿಪ್ ಟಿ9000 ವರ್ಷಗಟ್ಟಲೆ ತಡವಾಯಿತು, ಬಂದಾಗ ಗುರಿಯ ವೇಗ ಮುಟ್ಟಿರಲಿಲ್ಲ. ಪುಣೆಯವರು ಕಾಯಲಿಲ್ಲ. ‘ಪರಮ್ 8600’ರಲ್ಲಿ ಇಂಟೆಲ್‌ನ ಐ860 ಪ್ರೊಸೆಸರನ್ನು ಲೆಕ್ಕದ ಕೆಲಸಕ್ಕೆ ಹಚ್ಚಿದರು. ಆಮೇಲೆ ‘9000’ದಲ್ಲಿ ಸೂಪರ್‌ಸ್ಪಾರ್ಕ್, ‘10000’ದಲ್ಲಿ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್ ಬಂದವು. ಪ್ರೊಸೆಸರ್ ಬದಲಾಗುತ್ತಲೇ ಹೋಯಿತು, ಅವನ್ನು ಕೂಡಿಸುವ ವಿದ್ಯೆ ಮಾತ್ರ ಮನೆಯಲ್ಲೇ ಬೆಳೆಯಿತು.

ಇನ್ನು ಹುಡುಗರ ಕಥೆ. ಪುಣೆಯ ಬುಧವಾರ ಪೇಠೆಯಲ್ಲಿ ತಪಕೀರ್ ಗಲ್ಲಿ ಎಂಬ ಓಣಿಯಿದೆ. ತಪಕೀರ್ ಎಂದರೆ ಮರಾಠಿಯಲ್ಲಿ ನಸ್ಯ. ಈಗ ಆ ಓಣಿ ಪ್ರಸಿದ್ಧವಾಗಿರುವುದು ವೈರು, ಸ್ವಿಚ್ಚು, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ. ಬೆಂಗಳೂರಿನ ಎಸ್‌ಪಿ ರೋಡ್ ನೋಡಿದವರಿಗೆ ವಿವರಿಸಬೇಕಿಲ್ಲ. ಇಂಥ ಓಣಿಗಳೇ ಭಾರತದಲ್ಲಿ ‘ಅಸೆಂಬಲ್ಡ್’ ಕಂಪ್ಯೂಟರನ್ನು ಸಾಕಿ ಬೆಳೆಸಿದ್ದು. ಬ್ರಾಂಡಿನ ಯಂತ್ರ ಕೊಂಡವರಿಗೆ ಒಳಗಿನ ಬೋರ್ಡು ಯಾವುದೆಂದು ಗೊತ್ತಿರುತ್ತಿರಲಿಲ್ಲ, ಜೋಡಿಸಿಕೊಳ್ಳುವವರು ಅದನ್ನು ಆರಿಸಲೇಬೇಕಿತ್ತು.

ಒಂದೇ ಅಚ್ಚಿನಲ್ಲಿ ತಯಾರಾದ ಚಿಪ್ಪುಗಳನ್ನು ಪರೀಕ್ಷಿಸಿ, ಇದು 300, ಇದು 450 ಎಂದು ಕಂಪನಿ ಮುದ್ರೆ ಹೊಡೆಯುತ್ತದೆ. ಆದರೆ ತಯಾರಿಕೆ ಪಳಗಿದ ಮೇಲೆ ಬಹುಪಾಲು ಚಿಪ್ಪುಗಳು ಮೇಲಿನ ವೇಗ ತಾಳಬಲ್ಲವು. ಮಾರುಕಟ್ಟೆಗೆ ಅಗ್ಗದ್ದೂ ಬೇಕಲ್ಲ, ಅದಕ್ಕಾಗಿ ತಾಳುವಂಥವಕ್ಕೂ ಕಡಿಮೆ ಸಂಖ್ಯೆ ಬೀಳುತ್ತದೆ. ಜನ ಇದನ್ನು ಬೇಗ ಕಂಡುಕೊಂಡರು. 1984ರ ಐಬಿಎಂ ಪಿಸಿ ಎಟಿ 6 ಮೆಗಾಹರ್ಟ್ಸ್‌ನದು. ಅದರ ಬೋರ್ಡಿನ ಸ್ಫಟಿಕವನ್ನು ಕಿತ್ತು ಬೇರೆಯದನ್ನು ಸಿಕ್ಕಿಸಿದರೆ 8ಕ್ಕೆ ಓಡುತ್ತಿತ್ತು. ಐಬಿಎಂ ಮುಂದಿನ ಯಂತ್ರಗಳಲ್ಲಿ ವೇಗ ಹೆಚ್ಚಾದರೆ ಶುರುವೇ ಆಗದಂತೆ ಕಾವಲು ಹಾಕಿತು.

ಸೆಲೆರಾನ್ 300ಎ ಇದರ ಪರಾಕಾಷ್ಠೆ. ಬೋರ್ಡಿನ ಮಿಡಿತ 66 ಮೆಗಾಹರ್ಟ್ಸ್, ಚಿಪ್ ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ಈ ನಾಲ್ಕೂವರೆಗೆ ಇಂಟೆಲ್ ಬೀಗ ಹಾಕಿತ್ತು. ಮಿಡಿತಕ್ಕೆ ಬೀಗವಿರಲಿಲ್ಲ. ಅದೇ ವರ್ಷ ಬಂದಿದ್ದ 440ಬಿಎಕ್ಸ್ ಚಿಪ್‌ಸೆಟ್‌ನ ಬೋರ್ಡುಗಳು 100ಕ್ಕೆ ಮಿಡಿಯುತ್ತಿದ್ದವು. ನೂರನ್ನು ನಾಲ್ಕೂವರೆಯಿಂದ ಗುಣಿಸಿದರೆ 450! ಅದೇ ದಿನ ಇಂಟೆಲ್ ಬಿಡುಗಡೆ ಮಾಡಿದ 450ರ ಪೆಂಟಿಯಂ 2ರ ಸಗಟು ಬೆಲೆ 669 ಡಾಲರ್, ಸೆಲೆರಾನ್‌ನದು 149. ವ್ಯತ್ಯಾಸ ಅಂದಿನ ದರದಲ್ಲಿ ಸುಮಾರು 22,000 ರೂಪಾಯಿ, ಮೇಲೆ ಆಮದು ಸುಂಕ. 1997ರ ಅಂತರರಾಷ್ಟ್ರೀಯ ಒಪ್ಪಂದದಂತೆ ಭಾರತ ಕಂಪ್ಯೂಟರ್ ಭಾಗಗಳ ಸುಂಕವನ್ನು ಹಂತಹಂತವಾಗಿ ಇಳಿಸಿ ಸೊನ್ನೆಗೆ ತಂದದ್ದು 2005ರ ಹೊತ್ತಿಗೆ.

ಹಾಗಾಗಿ ಬೋರ್ಡಿನ ಆಯ್ಕೆಯೇ ನಿಜವಾದ ಖರೀದಿಯಾಯಿತು. ಕೆಲವು ಬೋರ್ಡುಗಳು ಚಿಪ್ಪನ್ನು ಕೇಳಿ, ಅದು ಹೇಳಿದ 66ಕ್ಕೇ ನಿಲ್ಲುತ್ತಿದ್ದವು. ಅವುಗಳಿಗೆ ಚಿಪ್ಪಿನ ಬಿ21 ಎಂಬ ಸಂಪರ್ಕಬಿಂದುವಿನ ಮೇಲೆ ಚೂರು ಟೇಪ್ ಅಂಟಿಸಬೇಕಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಬೋರ್ಡು 100 ಎಂದೇ ತಿಳಿಯುತ್ತಿತ್ತು. ತೈವಾನಿನ ಎಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಟೇಪೂ ಬೇಡ, ಜಂಪರ್ ಕೀಳುವುದೂ ಬೇಡ. ಮಿಡಿತ ಮತ್ತು ವೋಲ್ಟೇಜ್ ಎರಡನ್ನೂ ಕೀಲಿಮಣೆಯಿಂದಲೇ ಬದಲಿಸಬಹುದಿತ್ತು. 2 ವೋಲ್ಟಿಗೆ ತಡವರಿಸುವ ಚಿಪ್ 2.2ಕ್ಕೆ ಸರಾಗ ಓಡಬಹುದು. ಹಾಗೆ ಕೊಟ್ಟ ಹೆಚ್ಚಿನ ವೋಲ್ಟೇಜ್ ಶಾಖವಾಗಿ ಹೊರಬರುತ್ತದೆ, ಫ್ಯಾನು ದೊಡ್ಡದಾಗಬೇಕು. ನೂರಕ್ಕಿಂತ ಮೇಲೆ ಹೋಗುವ ದುರಾಸೆಗೆ ಬೇರೆ ತೊಡಕಿತ್ತು. ಗ್ರಾಫಿಕ್ಸ್ ಕಾರ್ಡಿನ ಮಿಡಿತ ಬೋರ್ಡಿನ ಮಿಡಿತದ ಮೂರನೇ ಎರಡು ಭಾಗ, ನೂರಕ್ಕೆ ಅದು ಸರಿಯಾಗಿ 66. ಬೋರ್ಡನ್ನು 133ಕ್ಕೆ ಏರಿಸಿದರೆ ಕಾರ್ಡು 89ಕ್ಕೆ ಓಡಬೇಕು. ಪ್ರೊಸೆಸರ್ ತಾಳಿದರೂ ಕಾರ್ಡು ಕೈಕೊಡುತ್ತಿತ್ತು.

ಕಂಪನಿಗಳು ಸುಮ್ಮನಿರಲಿಲ್ಲ. 2000ದ ಸುಮಾರಿಗೆ ಎಎಂಡಿ ತನ್ನ ಅಥ್ಲಾನ್ ಚಿಪ್ಪುಗಳ ಗುಣಕಕ್ಕೆ ಬೀಗ ಹಾಕಿದಾಗ, ಚಿಪ್ಪಿನ ಮೇಲಿನ ಕತ್ತರಿಸಿದ ಗೆರೆಗಳನ್ನು ಸೀಸದ ಕಡ್ಡಿಯಿಂದ ತೀಡಿ ಕೂಡಿಸಿದವರಿದ್ದರು. 2011ರಲ್ಲಿ ಇಂಟೆಲ್ ಅಂಥ ಸಂದಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಇಡೀ ಬೋರ್ಡಿಗೆ ಒಂದೇ ಮಿಡಿತ ತಂದು, ಅದನ್ನು ತುಸು ಏರಿಸಿದರೂ ಉಳಿದದ್ದೆಲ್ಲ ಅಲುಗಾಡುವಂತೆ ಮಾಡಿತು. ವೇಗ ಹೆಚ್ಚಿಸಬೇಕಾದವರು ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ಅದಕ್ಕೆ ಒಪ್ಪಿಗೆ ಇರುವ ಚಿಪ್‌ಸೆಟ್‌ನ ಬೋರ್ಡು, ಎರಡಕ್ಕೂ ಹೆಚ್ಚಿನ ದುಡ್ಡು ಕೊಡಬೇಕು. ಟೇಪಿನ ಚೂರಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಬೆಲೆಪಟ್ಟಿ ಬಂತು. ಇದನ್ನು ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸುವವರಿದ್ದಾರೆ. ದುಡ್ಡು ಕೊಟ್ಟರೆ ಅಪಾಯ ಹೇಗೆ ಕಡಿಮೆಯಾಗುತ್ತದೋ!

ಈಗ ಅಂಗಡಿಗೆ ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಚಿಪ್‌ಸೆಟ್ ಅಕ್ಷರದ್ದು: ಇಂಟೆಲ್ ಆದರೆ ಝಡ್, ಎಎಂಡಿ ಆದರೆ ಎಕ್ಸ್ ಅಥವಾ ಬಿ. ಎರಡನೆಯದು ಪ್ರೊಸೆಸರಿಗೆ ವಿದ್ಯುತ್ ಇಳಿಸಿಕೊಡುವ ವಿಆರ್‌ಎಂ ಭಾಗದ್ದು. 12 ವೋಲ್ಟನ್ನು 1.3ಕ್ಕೆ ಇಳಿಸಿ 200 ವಾಟ್ ಕೊಡಬೇಕೆಂದರೆ 150ಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು. ಪುಣೆಯ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಅದಕ್ಕೆ ದಪ್ಪನೆಯ ಲೋಹದ ಹೊದಿಕೆ ಇಲ್ಲದಿದ್ದರೆ ಬೋರ್ಡು ತಾನಾಗಿಯೇ ವೇಗ ತಗ್ಗಿಸುತ್ತದೆ. ಬಣ್ಣದ ದೀಪಗಳು ಎಷ್ಟಿವೆ ಎಂಬುದನ್ನು ಕೊನೆಗೆ ನೋಡಿದರಾಯಿತು.

2024ರ ಸೆಪ್ಟೆಂಬರ್ 26ರಂದು ಪುಣೆ, ದೆಹಲಿ, ಕೋಲ್ಕತ್ತಗಳಿಗೆ ಮೂರು ‘ಪರಮ್ ರುದ್ರ’ ಯಂತ್ರಗಳು ಸಮರ್ಪಣೆಯಾದವು. ಪುಣೆಯದು ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಕೆಲಸಕ್ಕೆ. ಅವುಗಳೊಳಗಿನ ಪ್ರೊಸೆಸರ್ ಇಂಟೆಲ್‌ನ ಜಿಯಾನ್. ಎರಡೆರಡು ಜಿಯಾನ್‌ಗಳನ್ನು ಹೊತ್ತಿರುವ ‘ರುದ್ರ’ ಎಂಬ ಸರ್ವರ್ ಬೋರ್ಡಿನ ವಿನ್ಯಾಸ ಸಿ-ಡ್ಯಾಕ್‌ನದೇ.