ಗರಡಿಯಿಂದ ಯೋಗಶಾಲೆಗೆ: ಜಿಮ್ ಇಲ್ಲದ ಕಾಲದ ಕಸರತ್ತು

ಈ ಸಲದ ಸಂಚಿಕೆಯ ವಿಷಯ ಕಸರತ್ತು. ಒಂದು ಪದದಿಂದ ಶುರು ಮಾಡೋಣ: ಬಸ್ಕಿ.

ನೀವು ಕರ್ನಾಟಕದ ಶಾಲೆಯಲ್ಲಿ ಓದಿದವರಾದರೆ ಈ ಪದ ಕೇಳಿದ ಕೂಡಲೇ ಮೊಣಕಾಲು ನೋಯಬಹುದು. ಮನೆಪಾಠ ಮಾಡದೆ ಬಂದವರಿಗೆ ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆ ಅದು. ನೀವು ಹೊರದೇಶದಲ್ಲೇ ಹುಟ್ಟಿ ಬೆಳೆದವರಾದರೆ, ಗಣಪತಿ ಗುಡಿಯಲ್ಲಿ ಅಜ್ಜಿ ಎರಡೂ ಕಿವಿ ಹಿಡಿದು ಕೂತು ಎದ್ದು ಮಾಡುವುದನ್ನು ನೋಡಿರುತ್ತೀರಿ. ಅದೂ ಬಸ್ಕಿಯೇ. ಇದೇ ಬಸ್ಕಿಯನ್ನು ನಿಮ್ಮೂರಿನ ಜಿಮ್‌ನಲ್ಲಿ ‘ಹಿಂದೂ ಸ್ಕ್ವಾಟ್’ ಅಂತ ಕಲಿಸುತ್ತಾರೆ. ದಂಡಕ್ಕೆ ‘ಹಿಂದೂ ಪುಷ್‌ಅಪ್’ ಅಂತ ಹೆಸರು. ನಮ್ಮಲ್ಲಿ ಶಿಕ್ಷೆ, ಭಕ್ತಿ, ಪೈಲ್ವಾನರ ಸಾಧನೆ ಎಲ್ಲವೂ ಆಗಿದ್ದ ಒಂದು ಚಲನೆ, ಅಲ್ಲಿ ತಿಂಗಳ ಚಂದಾ ಕಟ್ಟಿ ಕಲಿಯುವ ಪಾಠ.

ಇದನ್ನು ಹೇಳಿ ಬೀಗುವುದು ಸುಲಭ. ‘ಎಲ್ಲಾ ನಮ್ಮದೇ, ಐದು ಸಾವಿರ ವರ್ಷದ ಹಿಂದೆಯೇ ಇತ್ತು’ ಅನ್ನುವ ಮಾತು ನಮ್ಮ ಸಂಘಗಳ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ನಿಜವಾದ ಕತೆ ಅದಕ್ಕಿಂತ ಸ್ವಾರಸ್ಯವಾಗಿದೆ. ಅದರ ದೊಡ್ಡ ಪಾಲು ನಡೆದದ್ದು ಕನ್ನಡನಾಡಿನಲ್ಲಿ, ಅದರಲ್ಲೂ ಸ್ವಲ್ಪ ಭಾಗ ಕನ್ನಡ ಭಾಷೆಯಲ್ಲೇ.

ಎಳ್ಳೆಣ್ಣೆ ಕುಡಿದ ರಾಜ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಕಲ್ಯಾಣ ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನ ಹೆಸರಿನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸಂಗೀತ, ಆನೆ ಹಿಡಿಯುವುದು ಎಲ್ಲದರ ಜೊತೆ ಮಲ್ಲರ ತಯಾರಿಯೂ ಇದೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬ ಹತ್ತಿ ಸಾಧನೆ ಮಾಡುವುದು ಸ್ತಂಭಶ್ರಮ. ಕೊನೆಯದನ್ನು ಓದಿದಾಗ ಉತ್ತರ ಕರ್ನಾಟಕದಲ್ಲಿ ಮಕ್ಕಳು ಇಂದಿಗೂ ಆಡುವ ಮಲ್ಲಕಂಬ ನೆನಪಾಗದೆ ಇರದು.

ನಾನೂರು ವರ್ಷ ಮುಂದೆ ಬನ್ನಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಮುಂಜಾನೆಯನ್ನು ಬರೆದಿಟ್ಟಿದ್ದಾನೆ. ರಾಜ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಳ್ಳುತ್ತಾನೆ. ಸೊಂಟಕ್ಕೆ ತುಂಡು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಾನೆ. ಆಮೇಲೆ ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುತ್ತಾನೆ. ನಂತರ ಒಬ್ಬ ಜಟ್ಟಿಯ ಜೊತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೆಳಗಾಗುತ್ತದೆ.

ಎಣ್ಣೆ ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ! ಗಮನಿಸಬೇಕಾದ್ದು ಸಾಮಾನುಗಳನ್ನು. ಆ ಕಾಲದ ದಕ್ಷಿಣ ಭಾರತದ ಅತಿ ಶ್ರೀಮಂತ ದೊರೆಯ ಕೈಯಲ್ಲಿ ಇದ್ದದ್ದು ಮಣ್ಣಿನ ತೂಕ.

ಕೇರಿಗೊಂದು ಗರಡಿ

ರಾಜರ ಮಾತು ಬಿಡಿ, ಉಳಿದವರು ಏನು ಮಾಡುತ್ತಿದ್ದರು? ಅವರಿಗೆ ಗರಡಿಮನೆ ಇತ್ತು. ಮೈಸೂರಿನ ಹಳೇ ಕೇರಿಗಳಲ್ಲಿ ಕೆಲವು ಗರಡಿಗಳು ಇನ್ನೂ ಉಳಿದಿವೆ. ತಗ್ಗಾದ ಬಾಗಿಲು, ಒಳಗೆ ಕೆಂಪು ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಮರದ ಗದೆ ಮತ್ತು ಕಲ್ಲಿನ ಗುಂಡು. ಕಲಿಸುವವರು ಉಸ್ತಾದ್. ಆ ಪದವೇ ಹೇಳುವ ಹಾಗೆ, ಹನುಮಂತನ ಪಟದ ಕೆಳಗೆ ಹಿಂದೂ, ಮುಸ್ಲಿಂ ಪೈಲ್ವಾನರು ಒಂದೇ ಮಣ್ಣಿನಲ್ಲಿ ಹೊರಳಾಡಿದ ಜಾಗ ಅದು. ಅಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಕನ್ನಡದಲ್ಲಿ ಒಂದು ಚೆಂದದ ಮಾತಿದೆ: ಸಾಮು ತೆಗೆಯುವುದು. ಇನ್ನು ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ. ಮೈಸೂರು ದಸರೆಯಲ್ಲಿ ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ.

ಆದರೆ ಹಳೆಯದನ್ನೆಲ್ಲ ಬಂಗಾರ ಅನ್ನಬೇಕಾಗಿಲ್ಲ. ಗರಡಿ ಗಂಡಸರ ಜಾಗ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು. ಬೀಸುವ ಕಲ್ಲು, ಒನಕೆ, ಬಾವಿ ಹಗ್ಗ ಇವೇ ಅವರ ಪಾಲಿನ ಕಸರತ್ತು. ‘ನಮ್ಮಜ್ಜಿ ಜಿಮ್‌ಗೆ ಹೋಗದೆ ಎಷ್ಟು ಗಟ್ಟಿ ಇದ್ದರು’ ಅಂತ ನಾವು ಮೆಚ್ಚಿಕೊಳ್ಳುತ್ತೇವೆ. ಆ ಅಜ್ಜಿಗೆ ಬೇರೆ ದಾರಿ ಇರಲಿಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಬೇಕು. ದುಡಿಮೆ ಬೇರೆ, ತನಗಾಗಿ ಬೇಕೆಂದು ಮಾಡುವ ಸಾಧನೆ ಬೇರೆ.

ಈ ಲೋಕದಿಂದ ಒಂದು ವಸ್ತು ಮಾತ್ರ ಬಹಳ ದೂರ ಹೋಯಿತು. ಭಾರತದ ಅಖಾಡಗಳಲ್ಲಿ ತಿರುಗಿಸುತ್ತಿದ್ದ ಮರದ ಗದೆಯನ್ನು ಬ್ರಿಟಿಷ್ ಸೈನ್ಯದವರು ನೋಡಿ ತಮ್ಮ ಕವಾಯತಿಗೆ ಸೇರಿಸಿಕೊಂಡರು. 1834ರ ಹೊತ್ತಿಗೆ ಇಂಗ್ಲೆಂಡಿನ ವ್ಯಾಯಾಮ ಪುಸ್ತಕದಲ್ಲಿ ಅದರ ಚಿತ್ರಗಳು ಬಂದವು. ‘ಇಂಡಿಯನ್ ಕ್ಲಬ್’ ಅಂತ ಹೆಸರಾಗಿ ಹಗುರವಾದ ಆ ಗದೆ, 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧೆಯ ವಸ್ತುವೂ ಆಯಿತು.

ಹೋದದ್ದು ಮಾತ್ರವಲ್ಲ, ಬಂದದ್ದೂ ಇದೆ

ಇಲ್ಲಿಂದ ಕತೆ ಎರಡೂ ದಿಕ್ಕಿಗೆ ಹರಿಯುತ್ತದೆ. ಯೂಜೆನ್ ಸ್ಯಾಂಡೋ ಎಂಬ ಯುರೋಪಿನ ದೇಹದಾರ್ಢ್ಯ ಪಟು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಭಾರತಕ್ಕೆ ಬಂದು ಪ್ರದರ್ಶನ ಕೊಟ್ಟ. ಅವನ ಹೆಸರು ಎಷ್ಟು ಹರಡಿತೆಂದರೆ, ತೋಳಿಲ್ಲದ ಬನಿಯನ್ನಿಗೆ ದಕ್ಷಿಣ ಭಾರತದಲ್ಲಿ ‘ಸ್ಯಾಂಡೋ ಬನಿಯನ್’ ಅಂತಲೇ ಹೆಸರಾಯಿತು.

ಸ್ಯಾಂಡೋ ಪದ್ಧತಿಯ ಕಸರತ್ತನ್ನು ವರ್ಷಗಟ್ಟಲೆ ಮಾಡಿದವರಲ್ಲಿ ಸಾತಾರಾ ಬಳಿಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿಯೂ ಒಬ್ಬರು. ಆಮೇಲೆ ಅವರು ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ತಿರುಗಿದರು. ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಕಲಿಸಿದರು, 1920ರ ದಶಕದಲ್ಲಿ ಪುಸ್ತಕ ಬರೆದರು. ಸೂರ್ಯನಿಗೆ ನಮಸ್ಕರಿಸುವ ಆಚರಣೆ ಹಳೆಯದು, ನಿಜ. ಆದರೆ ಇಂದು ನಾವು ಮಾಡುವ, ಎಣಿಸುವ, ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತು ಮಾಡಿಸುವ ವ್ಯಾಯಾಮ ಜನಪ್ರಿಯ ಆದದ್ದು ಈ ರಾಜನ ಓಡಾಟದಿಂದ. ಅಂದರೆ ಅದಕ್ಕೆ ಸುಮಾರು ನೂರು ವರ್ಷ.

ಬೆಂಗಳೂರಿನಲ್ಲಿ ಇದನ್ನು ಕೈಗೆತ್ತಿಕೊಂಡವರು ಕೆ.ವಿ. ಅಯ್ಯರ್. ಈ ಹೆಸರು ನಿಮಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಗೊತ್ತಿರಬಹುದು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯ ಅಂತಲೂ ಗೊತ್ತಿರಬಹುದು. ಅದೇ ಅಯ್ಯರ್ ಆ ಕಾಲದ ಭಾರತದ ಪ್ರಸಿದ್ಧ ದೇಹದಾರ್ಢ್ಯ ಪಟು! ಅವರ ಪದ್ಧತಿಯಲ್ಲಿ ಭಾರ ಎತ್ತುವುದೂ ಇತ್ತು, ಆಸನವೂ ಇತ್ತು, ಸೂರ್ಯನಮಸ್ಕಾರವೂ ಇತ್ತು. ವ್ಯಾಯಾಮಶಾಲೆಗೆ ಬರಲಾಗದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಫೋನಿನಲ್ಲಿ ವಿಡಿಯೊ ಹಾಕಿಕೊಂಡು ಮನೆಯಲ್ಲೇ ಕಸರತ್ತು ಮಾಡುವ ನಮಗೆ ಇದು ಹೊಸದೇನಲ್ಲ. ಟಪಾಲಿನವನ ದಾರಿ ಕಾಯಬೇಕಿತ್ತು, ಅಷ್ಟೇ ವ್ಯತ್ಯಾಸ.

ಜಗನ್ಮೋಹನ ಅರಮನೆಯ ಒಂದು ಕೋಣೆ

ಈಗ ಮೈಸೂರಿಗೆ ಬನ್ನಿ. ಚಿತ್ರದುರ್ಗದ ಕಡೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರು ಮಾಡಿದರು. ಹೆಚ್ಚಿನ ವಿದ್ಯಾರ್ಥಿಗಳು ಅರಸು ಮನೆತನದ ಹುಡುಗರು. ಕುಣಿದಾಡುವ ವಯಸ್ಸಿನ ಹುಡುಗರನ್ನು ಒಂದೇ ಕಡೆ ಸುಮ್ಮನೆ ಕೂರಿಸೋದು ಕಷ್ಟ ಅಂತ ಯಾವ ತಾಯಿಗೆ ಗೊತ್ತಿಲ್ಲ? ಕೃಷ್ಣಮಾಚಾರ್ಯರು ಅವರಿಗೆ ಕಲಿಸಿದ್ದು ಒಂದು ಆಸನದಿಂದ ಇನ್ನೊಂದಕ್ಕೆ ನೆಗೆದು ಹೋಗುವ, ಉಸಿರಿನ ಲೆಕ್ಕಕ್ಕೆ ಹೊಂದಿಸಿದ ವಿನ್ಯಾಸ ಕ್ರಮ. ಅಲ್ಲೇ ಸ್ವಲ್ಪ ಆಚೆ ಅಯ್ಯರ್ ಅವರ ಶಿಷ್ಯರೊಬ್ಬರು ಸೂರ್ಯನಮಸ್ಕಾರ ಕಲಿಸುತ್ತಿದ್ದರು.

1934ರಲ್ಲಿ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಅಚ್ಚಾಯಿತು. ಅದು ಕನ್ನಡ ಪುಸ್ತಕ. ಇವತ್ತು ಬರ್ಲಿನ್‌ನಿಂದ ಸಿಡ್ನಿವರೆಗೆ ಬೀದಿಬೀದಿಯಲ್ಲಿ ಕಲಿಸುವ ವಿನ್ಯಾಸ ಯೋಗದ ಮೂಲ ಪುಸ್ತಕಗಳಲ್ಲೊಂದನ್ನು ಅಲ್ಲಿನ ಗುರುಗಳು ಅನುವಾದದಲ್ಲಿ ಓದುತ್ತಾರೆ. ನೀವು ನೇರವಾಗಿ ಓದಬಹುದು. ಕನ್ನಡ ಕಲಿಯೋದರಿಂದ ಏನು ಪ್ರಯೋಜನ ಅಂತ ಮಕ್ಕಳು ಕೇಳಿದರೆ, ಇದೂ ಒಂದು ಉತ್ತರ.

ಈ ಕ್ರಮ ಎಲ್ಲಿಂದ ಬಂತು? ‘ಯೋಗ ಕುರುಂಟ’ ಎಂಬ ಹಳೆಯ ಗ್ರಂಥದಿಂದ ಅನ್ನೋದು ಪರಂಪರೆಯ ಮಾತು. ಆದರೆ ಆ ಗ್ರಂಥ ಯಾರಿಗೂ ಸಿಕ್ಕಿಲ್ಲ. ಅರಮನೆಯ ದಾಖಲೆಗಳನ್ನು ನೋಡಿದ ವಿದ್ವಾಂಸ ನಾರ್ಮನ್ ಶೋಮನ್ 1996ರಲ್ಲಿ ಬೇರೆ ವಾದ ಮುಂದಿಟ್ಟರು. ಮುಮ್ಮಡಿ ಕೃಷ್ಣರಾಜ ಒಡೆಯರು ಸಂಕಲಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. 1896ರಲ್ಲಿ ಬೆಂಗಳೂರಿನಲ್ಲಿ ‘ವ್ಯಾಯಾಮ ದೀಪಿಕೆ’ ಎಂಬ ಕೈಪಿಡಿ ಬಂದಿತ್ತು. ಯೋಗ, ಕುಸ್ತಿಯ ದಂಡ, ಅರಮನೆಯ ಅಂಗಸಾಧನೆ ಇವೆಲ್ಲ ಸೇರಿ ಮೈಸೂರಿನ ಪದ್ಧತಿ ರೂಪುಗೊಂಡಿತು ಅನ್ನೋದು ಅವರ ಅಭಿಪ್ರಾಯ. ಇದನ್ನು ಒಪ್ಪದವರೂ ಇದ್ದಾರೆ. ಆದರೆ ವಿನ್ಯಾಸದಲ್ಲಿ ಕೈಯೂರಿ ಹಿಂದಕ್ಕೆ ನೆಗೆಯುವ ಚಲನೆಯನ್ನು ಗರಡಿಯ ದಂಡದ ಪಕ್ಕದಲ್ಲಿಟ್ಟು ನೋಡಿ. ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಮೂವರು ಶಿಷ್ಯರು

ಆ ಕೋಣೆಯಿಂದ ಹೊರಟವರನ್ನು ನೋಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನ ಹುಡುಗನೊಬ್ಬ, ಕ್ಷಯ, ಮಲೇರಿಯಾ, ಟೈಫಾಯಿಡ್ ಎಲ್ಲ ಅನುಭವಿಸಿ ಕಡ್ಡಿಯಾಗಿದ್ದವನು, 1934ರಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಮನೆಗೆ ಬಂದ. ಅವನೇ ಬಿ.ಕೆ.ಎಸ್. ಅಯ್ಯಂಗಾರ್. 1937ರಲ್ಲಿ ಪುಣೆಗೆ ಹೋದರು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಶಿಷ್ಯರಾದರು, ಅಲ್ಲಿಂದ ಯುರೋಪಿನ ಬಾಗಿಲು ತೆರೆಯಿತು. ಹಾಸನ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು, 1962ರಲ್ಲಿ ‘ಯೋಗಮಾಲಾ’ವನ್ನು ಕನ್ನಡದಲ್ಲೇ ಪ್ರಕಟಿಸಿದರು. ಮೂರನೆಯವರು ರಿಗಾ ಪಟ್ಟಣದಲ್ಲಿ ಹುಟ್ಟಿದ ಇಂದ್ರಾದೇವಿ. ಹೆಂಗಸು, ಮೇಲಾಗಿ ವಿದೇಶಿ ಅಂತ ಕೃಷ್ಣಮಾಚಾರ್ಯರು ಮೊದಲು ಸೇರಿಸಿಕೊಳ್ಳಲಿಲ್ಲ. ಮಹಾರಾಜರ ಮಾತಿನ ಮೇಲೆ ಕಲಿಸಿದರು. ಗರಡಿ ಮುಚ್ಚಿದ್ದ ಬಾಗಿಲನ್ನು ಅರ್ಧ ತೆರೆದವರು ಈಕೆ. 1947ರಲ್ಲಿ ಅಮೆರಿಕಕ್ಕೆ ಹೋಗಿ ಹಾಲಿವುಡ್‌ನಲ್ಲಿ ಯೋಗ ಕಲಿಸಿದರು.

ಮೈಸೂರಿನ ಶಾಲೆಯ ಗತಿ? ಸಂಸ್ಥಾನ ಹೋಯಿತು, ಆಶ್ರಯ ಹೋಯಿತು. 1950ರಲ್ಲಿ ಅದು ಮುಚ್ಚಿತು.

ಅದರ ಪ್ರತಿಧ್ವನಿ ಮಾತ್ರ ದೂರದಲ್ಲಿ ಕೇಳಿಸಿತು. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಸರ್ಕಾರಿ ಶಾಲೆಗಳ ಯೋಗ ತರಗತಿ ಧಾರ್ಮಿಕ ಬೋಧನೆ ಅಂತ ಕೆಲವು ಪೋಷಕರು ಕೋರ್ಟಿಗೆ ಹೋದರು. ಅಲ್ಲಿ ಕಲಿಸುವ ರೀತಿಯಲ್ಲಿ ಅದು ಧರ್ಮಬೋಧನೆ ಅಲ್ಲ ಅಂತ 2013ರಲ್ಲಿ ತೀರ್ಪು ಬಂತು, 2015ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಿಮ್ಮ ಮಗಳು ಶಾಲೆಯಿಂದ ಬಂದು ‘ಯೋಗ ನಮ್ಮ ದೇವರದಾ, ಬರೀ ಎಕ್ಸರ್‌ಸೈಜಾ?’ ಅಂತ ಕೇಳಿದರೆ, ಒಂದೇ ಸಾಲಿನ ಉತ್ತರ ಕೊಡಬೇಡಿ. ಗರಡಿಯ ಕತೆ ಹೇಳಿ, ಔಂಧಿನ ರಾಜನ ಕತೆ ಹೇಳಿ, ಕನ್ನಡದ ಪುಸ್ತಕದ ಕತೆ ಹೇಳಿ. ಪಡೆದುಕೊಂಡದ್ದನ್ನು ಒಪ್ಪಿಕೊಂಡರೆ ಹೆಮ್ಮೆ ಕಮ್ಮಿಯಾಗೋದಿಲ್ಲ.

ಚಾಪೆಯಷ್ಟು ಜಾಗ

ಹೊರದೇಶದಲ್ಲಿ ನಮ್ಮ ತೊಂದರೆಗಳು ಎಲ್ಲರಿಗೂ ಗೊತ್ತು. ಕೂತು ಮಾಡುವ ಕೆಲಸ, ಕಾರಿಲ್ಲದೆ ನಡೆಯದ ಊರು, ಐದು ತಿಂಗಳ ಚಳಿ ಅಥವಾ ಐವತ್ತು ಡಿಗ್ರಿ ಹತ್ತಿರದ ಬಿಸಿಲು. ಜನವರಿಯಲ್ಲಿ ಜಿಮ್ ಸೇರಿ ಮಾರ್ಚಿನಲ್ಲಿ ಬಿಡುವುದು. ಮೇಲಿನ ಇತಿಹಾಸದಲ್ಲಿ ಬಂದ ದಂಡ, ಬಸ್ಕಿ, ನಮಸ್ಕಾರಗಳಿಗೆ ಬೇಕಾದ್ದು ಒಂದು ಚಾಪೆಯಷ್ಟು ಜಾಗ. ಐದು ಬಸ್ಕಿಯಿಂದ ಶುರು ಮಾಡಿ. ಮಂಡಿ ನೋವು, ರಕ್ತದೊತ್ತಡ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಆದರೆ ಗರಡಿಯಲ್ಲಿ ಚಾಪೆಗಿಂತ ಮುಖ್ಯವಾದದ್ದು ಇನ್ನೆರಡು ಇದ್ದವು: ತಪ್ಪಿದರೆ ತಿದ್ದುವ ಉಸ್ತಾದ್, ನೀವು ಬರದಿದ್ದರೆ ‘ಯಾಕಪ್ಪಾ ನಿನ್ನೆ ಬರಲಿಲ್ಲ?’ ಅಂತ ಕೇಳುವ ಜೊತೆಗಾರರು. ಕೃಷ್ಣದೇವರಾಯನಿಗೂ ಕುಸ್ತಿಗೆ ಒಬ್ಬ ಜಟ್ಟಿ ಬೇಕಾಗಿತ್ತು. ಚಂದಾ ಕಟ್ಟಿದ ಜಿಮ್ ನಿಮ್ಮನ್ನು ಹಾಗೆ ಕೇಳುವುದಿಲ್ಲ. ಅದಕ್ಕೇ ನನ್ನ ಸಲಹೆ, ಒಬ್ಬರೇ ಮಾಡಬೇಡಿ. ಭಾನುವಾರ ಬೆಳಗ್ಗೆ ಎರಡು ಮನೆಯವರು ಪಾರ್ಕಿನಲ್ಲಿ ಸೇರಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿರಲಿ. ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಕನ್ನಡದಲ್ಲಿ. ಹನ್ನೆರಡು ನಮಸ್ಕಾರ ಮುಗಿಯುವ ಹೊತ್ತಿಗೆ ‘ಹನ್ನೊಂದು’, ‘ಹನ್ನೆರಡು’ ಅವರ ಬಾಯಿಗೆ ಬಂದಿರುತ್ತದೆ.

ಇನ್ನೊಂದು ಕೆಲಸ ಇದೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಜ್ಜ, ಅಜ್ಜಿಯನ್ನು ಕೇಳಿ: ನಿಮ್ಮ ಕೇರಿಯಲ್ಲಿ ಗರಡಿ ಇತ್ತಾ? ಯಾರು ಹೋಗುತ್ತಿದ್ದರು? ಯಾರನ್ನು ಸೇರಿಸುತ್ತಿರಲಿಲ್ಲ? ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಅರಮನೆಯ ಕತೆ ಬರೆಯಲು ಜನ ಇದ್ದಾರೆ. ಕೇರಿಯ ಗರಡಿಯ ಕತೆ ನೀವು ಕೇಳದಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ.