ಮೇಷ್ಟರು ಕಟ್ಟಿದ ಛತ್ರ: ಜರ್ಮನಿಯ ನದಿಕಣಿವೆಗಳ ತಂಗುದಾಣಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕಾರು ಮಂದಿ ಈಗ ಜರ್ಮನಿಯಲ್ಲಿ ನೆಲೆಸಿದ್ದಾರೆ. ಊರಿನಿಂದ ತಂದೆತಾಯಿಯರು ಬಂದಾಗ ಅವರನ್ನು ರೈನ್ ಕಣಿವೆಗೋ ಮೋಸೆಲ್ ಕಣಿವೆಗೋ ಕರೆದೊಯ್ಯುವುದು ಅವರಲ್ಲಿ ವಾಡಿಕೆಯಾಗಿದೆ. ಹೊರಡುವ ಮುನ್ನ ಕೆಲವರು ನನಗೆ ಪತ್ರ ಬರೆಯುತ್ತಾರೆ: "ಸಾರ್, ನೀವು ಅಲ್ಲೆಲ್ಲ ಓಡಾಡಿ ಬಂದವರು. ನೋಡಲು ಚೆಂದವಾಗಿದ್ದು ಉಳಿಯಲೂ ಹಿತವಾದ ಜಾಗ ಯಾವುದು?" ಕೋಣೆಯ ದರ, ಬೆಳಗಿನ ಉಪಾಹಾರ ಮೊದಲಾದ ವಿಚಾರಗಳನ್ನು ಅವರ ಕೈಯಲ್ಲಿರುವ ಫೋನೇ ನನಗಿಂತ ಚೆನ್ನಾಗಿ ತಿಳಿಸೀತು. ನಾನು ಚರಿತ್ರೆಯ ಮೇಷ್ಟರು. ಒಂದು ಹಳೆಯ ಕಟ್ಟಡದಲ್ಲಿ ತಲೆಯೂರುವ ಮುನ್ನ, ಇದರ ಬಾಗಿಲು ಮೊದಲು ಯಾರಿಗಾಗಿ ತೆರೆಯಿತು, ಯಾರಿಗೆ ಮುಚ್ಚಿತ್ತು ಎಂದು ವಿಚಾರಿಸುವ ಚಾಳಿ ನನಗೆ ಅಂಟಿಕೊಂಡಿದೆ. ಆ ದಾರಿಯಿಂದಲೇ ಉತ್ತರ ಬರೆಯುತ್ತಿದ್ದೇನೆ.

ರೈನ್ ನದಿಯು ಬಿಂಗೆನ್ ಊರಿನಿಂದ ಕೋಬ್ಲೆಂಜ್‌ವರೆಗೆ ಸುಮಾರು 65 ಕಿಲೋಮೀಟರ್ ದೂರ ಕಡಿದಾದ ಬೆಟ್ಟಗಳ ನಡುವೆ ಹರಿಯುತ್ತದೆ. ಇಳಿಜಾರಿನಲ್ಲಿ ದ್ರಾಕ್ಷಿತೋಟ, ನೀರಿನಂಚಿಗೆ ಮರದ ಚೌಕಟ್ಟಿನ ಮನೆಗಳ ಪುಟ್ಟ ಊರು, ನೆತ್ತಿಯ ಮೇಲೊಂದು ಕೋಟೆ. ಯುನೆಸ್ಕೋ 2002ರಲ್ಲಿ ಈ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಪಟದಂತೆ ಕಾಣುವ ಈ ಕೋಟೆಗಳನ್ನು ಯಾರೂ ಚೆಂದಕ್ಕಾಗಿ ಕಟ್ಟಿಸಲಿಲ್ಲ. ಬಹುಪಾಲು ಕೋಟೆಗಳ ಹಿಂದೆ ಇದ್ದದ್ದು ಸುಂಕದ ಲೆಕ್ಕ. ಸಾಂಕ್ಟ್ ಗೋವಾರ್ ಊರಿನ ಮೇಲಿರುವ ರೈನ್‌ಫೆಲ್ಸ್ ಕೋಟೆಯನ್ನು ಕಾಟ್ಸೆನೆಲ್ನ್‌ಬೋಗೆನ್ ವಂಶದ ಸರದಾರನೊಬ್ಬನು 1245ರಲ್ಲಿ ಕಟ್ಟಿಸಿದನು. ಅವನು ಹೇರಿದ ಸುಂಕಕ್ಕೆ ರೋಸಿಹೋದ ರೈನ್ ತೀರದ ನಗರಗಳು ಒಕ್ಕೂಟ ರಚಿಸಿಕೊಂಡು 1255ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದರೂ ಅದನ್ನು ಗೆಲ್ಲಲಾಗಲಿಲ್ಲ. ನದಿಯಲ್ಲಿ ಸಾಗುವ ದೋಣಿಯು ಇಂಥ ಒಂದಲ್ಲ, ಹತ್ತಾರು ಕಟ್ಟೆಗಳಲ್ಲಿ ನಿಂತು ಹಣ ತೆತ್ತು ಮುಂದುವರಿಯಬೇಕಿತ್ತು. 1868ರ ಮಾನ್‌ಹೈಮ್ ಒಪ್ಪಂದದ ನಂತರವೇ ರೈನ್ ಸುಂಕಗಳ ಕಥೆ ಪೂರ್ತಿ ಮುಗಿದದ್ದು.

ಅಂದಿನ ಪಯಣಿಗರ ರಾತ್ರಿಯ ಆಸರೆ ಕೋಟೆಯಲ್ಲಿ ಇರಲಿಲ್ಲ. ಅದು ಕೆಳಗೆ, ನೀರಿನ ಅಂಚಿನ ಊಟದ ಮನೆಗಳಲ್ಲಿತ್ತು. ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಗಳನ್ನು ದಡದ ಮೇಲಿನಿಂದ ಕುದುರೆಗಳು ಹಗ್ಗಕಟ್ಟಿ ಎಳೆಯುತ್ತಿದ್ದವು. ಕುದುರೆಗೆ ಮೇವು, ಆಳಿಗೆ ಊಟ, ವರ್ತಕನಿಗೆ ಹಾಸಿಗೆ ಎಲ್ಲವೂ ಬೇಕಿತ್ತು. ದ್ರಾಕ್ಷಾರಸ ಮಾಡುವ ಮನೆತನಗಳು ಮೇಲಂತಸ್ತಿನ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಮೋಸೆಲ್ ಕಣಿವೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೋಣೆ ಖಾಲಿಯಿದೆ ಎಂಬ ಫಲಕ ಕಿಟಕಿಯಲ್ಲಿ ಕಂಡರೆ ಬಾಗಿಲು ತಟ್ಟಬಹುದು. ಇಂಥ ಮನೆಗಳ ಆತ್ಮೀಯತೆ ದೊಡ್ಡ ಹೋಟೆಲುಗಳಲ್ಲಿ ಸಿಗದು ಎಂಬುದು ನನ್ನ ಅಭಿಪ್ರಾಯ.

ಹೊಟ್ಟೆಪಾಡಿನ ಪ್ರಯಾಣ ವಿಹಾರದ ಪ್ರಯಾಣವಾಗಿ ಬದಲಾದುದಕ್ಕೆ ಒಂದು ಇಸವಿಯನ್ನು ಗುರುತಿಸಬೇಕೆಂದರೆ ನಾನು 1827ನ್ನು ಗುರುತಿಸುತ್ತೇನೆ. ಆ ವರ್ಷ ಕಲೋನ್ ಮತ್ತು ಮೈಂಜ್ ನಗರಗಳ ನಡುವೆ ಉಗಿಹಡಗುಗಳ ನಿಯತ ಸಂಚಾರ ಆರಂಭವಾಯಿತು. ಅದೇ ವರ್ಷ ಕೋಬ್ಲೆಂಜ್‌ನಲ್ಲಿ ಕಾರ್ಲ್ ಬೇಡೆಕರ್ ಎಂಬ ತರುಣನು ಪುಸ್ತಕದಂಗಡಿ ತೆರೆದನು. ಹಡಗಿನಿಂದ ಇಳಿದ ಅಪರಿಚಿತನಿಗೆ ಆಗ ದಾರಿ ತೋರುತ್ತಿದ್ದವರು ಕೂಲಿ ಮಾರ್ಗದರ್ಶಕರು ಮತ್ತು ಹೋಟೆಲುಗಳ ಕಡೆಯವರು. ಅವರು ತೋರಿದ್ದೇ ಒಳ್ಳೆಯ ಹೋಟೆಲು, ಅವರು ಹೇಳಿದ್ದೇ ದರ. (ನಮ್ಮ ಯಾತ್ರಾಸ್ಥಳಗಳ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಬೇಡೆಕರ್ 1832ರಲ್ಲಿ ಮುಳುಗಿಹೋಗಿದ್ದ ಒಂದು ಪ್ರಕಾಶನವನ್ನು ಕೊಂಡನು. ಅದರೊಂದಿಗೆ ಕ್ಲೈನ್ ಎಂಬ ವಿದ್ವಾಂಸರು ಬರೆದು 1828ರಲ್ಲಿ ಪ್ರಕಟವಾಗಿದ್ದ ರೈನ್ ಪ್ರಯಾಣದ ಗ್ರಂಥವೂ ಅವನ ಪಾಲಿಗೆ ಬಂತು. ಅದನ್ನು ಪರಿಷ್ಕರಿಸುತ್ತ ಹೋದ ಬೇಡೆಕರ್ ತಾನೇ ಊರೂರು ತಿರುಗಿ, ಹೋಟೆಲುಗಳಲ್ಲಿ ಉಳಿದು, ಕಂಡದ್ದನ್ನು ಕಂಡಂತೆ ಬರೆದನು. ಕೆಂಪು ರಟ್ಟಿನ ಆ ಕೈಪಿಡಿಗಳು ಮುಂದೆ ಎಷ್ಟು ಹೆಸರಾದವೆಂದರೆ, ಪ್ರವಾಸ ಕೈಪಿಡಿಗೆ ಅವನ ಹೆಸರೇ ಪರ್ಯಾಯ ಪದವಾಯಿತು. ಅವುಗಳಲ್ಲಿ ಹೊಗಳಿಕೆಯನ್ನು ಹಣಕ್ಕೆ ಮಾರುತ್ತಿರಲಿಲ್ಲ. ಫೋನಿನಲ್ಲಿ ನಕ್ಷತ್ರಗಳನ್ನು ಎಣಿಸಿ ಕೋಣೆ ಆರಿಸುವ ನೀವೆಲ್ಲರೂ ಅವನಿಗೆ ಅಷ್ಟಿಷ್ಟು ಋಣಿಗಳು. ವಿಶೇಷ ಸ್ಥಳಗಳಿಗೆ ನಕ್ಷತ್ರ ಚಿಹ್ನೆ ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಅವನೂ ಒಬ್ಬ.

ಇಲ್ಲೊಂದು ಲೌಕಿಕ ಸೂಚನೆ. ರೈನ್ ಕಣಿವೆಯ ಎರಡೂ ದಡಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೈಲುಹಳಿ ಹಾಕಿದರು. ನದಿಯ ನೋಟವಿರುವ ಕೋಣೆ ಬೇಕೆಂದು ಹೆಚ್ಚು ಹಣ ತೆರುವವರು ರಾತ್ರಿಯಿಡೀ ಗೂಡ್ಸ್ ಗಾಡಿಗಳ ಸದ್ದನ್ನೂ ಕೊಂಡಂತಾಗುತ್ತದೆ. ಹಿಂಬದಿಯ ಕೋಣೆಯೇ ಲೇಸು. ಹಾಗೆಯೇ ಹಳೆಯ ಕಟ್ಟಡಗಳ ಮೂಲೆಗಳಲ್ಲಿ ಅಡ್ಡಗೆರೆಗಳನ್ನೂ ಅವುಗಳ ಪಕ್ಕದಲ್ಲಿ ಇಸವಿಗಳನ್ನೂ ಕೆತ್ತಿರುವುದನ್ನು ಕಾಣುವಿರಿ. ಅವು ನೆರೆಯ ನೀರು ಏರಿದ ಮಟ್ಟಗಳು. 1784ರ ಚಳಿಗಾಲದ ಕೊನೆಗೆ ಹಿಮಗಡ್ಡೆಗಳೊಡನೆ ಬಂದ ನೆರೆ ಹೈಡೆಲ್‌ಬರ್ಗಿನ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಅದೆಲ್ಲ ಹಳೆಯ ಕಥೆ ಎಂದು ನಗುವಂತಿಲ್ಲ. 2021ರ ಜುಲೈ 14 ಮತ್ತು 15ರ ನಡುವಣ ರಾತ್ರಿ, ರೈನ್‌ಗೆ ಸೇರುವ ಆರ್ ಎಂಬ ಚಿಕ್ಕ ನದಿಯು ಉಕ್ಕಿ ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಮಂದಿ ಅಸುನೀಗಿದರು. ದ್ರಾಕ್ಷಿತೋಟಗಳ ನಡುವಿನ ಎಷ್ಟೋ ಸೊಗಸಾದ ತಂಗುಮನೆಗಳು ಅಂದು ಹಾಳಾದವು.

ಹಣವಿದ್ದವರಿಗೆ ಯಾವ ಕಾಲದಲ್ಲಿಯೂ ಹಾಸಿಗೆ ಸಿಕ್ಕಿದೆ. ಇಲ್ಲದವರಿಗೆ ಯಾರು ಕೊಟ್ಟರು ಎಂಬ ಪ್ರಶ್ನೆ ನನ್ನನ್ನು ಮೋಸೆಲ್ ದಡದ ಕೂಸ್ ಎಂಬ ಊರಿಗೆ ಕರೆದೊಯ್ಯಿತು. ಎದುರು ದಡದ ಬೆರ್ನ್‌ಕಾಸ್ಟೆಲ್‌ನೊಡನೆ ಸೇರಿ ಅದೀಗ ಒಂದೇ ಪಟ್ಟಣ. 1401ರಲ್ಲಿ ಇಲ್ಲಿ ದೋಣಿ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ ನಿಕೋಲಸ್, ದಾರ್ಶನಿಕನೆಂದೂ ಗಣಿತಜ್ಞನೆಂದೂ ಹೆಸರು ಪಡೆದು ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್ ಪದವಿಗೆ ಏರಿದನು. 1458ರ ದಾನಪತ್ರದ ಮೂಲಕ ತನ್ನ ಊರಿನಲ್ಲಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದನು. ಕ್ರಿಸ್ತನ ಆಯುಷ್ಯದ ವರ್ಷಗಳಿಗೆ ಸರಿಯಾಗಿ 33 ಮಂದಿ ವೃದ್ಧರಿಗೆ ಅಲ್ಲಿ ಜಾಗ; ಅವರಲ್ಲಿ ಆರು ಮಂದಿ ಪಾದ್ರಿಗಳು, ಆರು ಮಂದಿ ಕುಲೀನರು, ಉಳಿದ 21 ಮಂದಿ ಸಾಮಾನ್ಯರು. ಖರ್ಚಿಗೆ ದ್ರಾಕ್ಷಿತೋಟಗಳ ಉತ್ಪತ್ತಿ. ಅವನ ದೇಹ ರೋಮ್‌ನಲ್ಲಿದೆ, ಹೃದಯವನ್ನು ಮಾತ್ರ ಈ ಕಟ್ಟಡದ ಪೂಜಾಗೃಹದಲ್ಲಿ ಹೂಳಿದ್ದಾರೆ. ಐದೂವರೆ ಶತಮಾನಗಳು ದಾಟಿದರೂ ಅದು ಇಂದಿಗೂ ವೃದ್ಧರ ನಿವಾಸವೇ. ನಮಗೆ ಅಲ್ಲಿ ಕೋಣೆ ಸಿಗುವುದಿಲ್ಲ. ಅವನು ಬಿಟ್ಟುಹೋದ ಹಸ್ತಪ್ರತಿಗಳ ಗ್ರಂಥಾಲಯ ಅಲ್ಲಿಯೇ ಇದೆ. ಆ ಕಟ್ಟಡದ ಒಳಪ್ರಾಂಗಣದ ಕಮಾನುಗಳ ಕೆಳಗೆ ಕುಳಿತಾಗ ನನ್ನ ವಯಸ್ಸಿನವರೊಬ್ಬರು ಊರುಗೋಲಿನೊಡನೆ ನಿಧಾನವಾಗಿ ಹಾದುಹೋದರು. ಅಂಥ ಮನೆಯನ್ನು ಯಾವ ಕೈಪಿಡಿಯ ನಕ್ಷತ್ರದಿಂದ ಅಳೆಯುವುದು?

ಈಗ ನಾನು ಹೇಳಲೇಬೇಕೆಂದಿರುವ ಮೇಷ್ಟರ ಕಥೆ. ರಿಚರ್ಡ್ ಶಿರ್‌ಮನ್ 1874ರಲ್ಲಿ ಪೂರ್ವ ಪ್ರಶ್ಯಾದಲ್ಲಿ ಹುಟ್ಟಿದವರು. ಲೆನ್ನೆ ನದಿಯ ಇಕ್ಕಟ್ಟಾದ ಕಣಿವೆಯಲ್ಲಿರುವ ಆಲ್ಟೆನಾ ಊರಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ತಂತಿ ಎಳೆಯುವ ಕೈಗಾರಿಕೆಗೆ ಹೆಸರಾದ ಊರು ಅದು. ಕಾರ್ಖಾನೆಯ ಕೂಲಿಗಾರರ ಮಕ್ಕಳಿಗೆ ಬೆಟ್ಟ, ಕಾಡು, ಶುದ್ಧವಾದ ಗಾಳಿ ದೊರೆಯಲೆಂದು ಶಿರ್‌ಮನ್ ಅವರನ್ನು ದೀರ್ಘ ಕಾಲ್ನಡಿಗೆಗೆ ಕರೆದೊಯ್ಯುತ್ತಿದ್ದರು. ಹಗಲು ನಡೆಯಬಹುದು, ರಾತ್ರಿ ಎಲ್ಲಿ? ಬಡ ಮಕ್ಕಳ ಗುಂಪನ್ನು ಹೋಟೆಲಿನಲ್ಲಿ ಇಳಿಸುವಷ್ಟು ಹಣ ಯಾವ ಮೇಷ್ಟರ ಜೇಬಿನಲ್ಲಿಯೂ ಇರುವುದಿಲ್ಲ.

1909ರ ಆಗಸ್ಟ್ 26ರಂದು ಬ್ರೋಲ್ ಎಂಬ ಹೊಳೆಯ ಕಣಿವೆಯಲ್ಲಿ ನಡೆಯುತ್ತಿದ್ದ ಅವರ ತಂಡಕ್ಕೆ ಗುಡುಗುಮಳೆ ಎದುರಾಯಿತು. ಕಡೆಗೆ ಒಂದು ಹಳ್ಳಿಯ ಶಾಲೆಯಲ್ಲಿ ಆಸರೆ ಸಿಕ್ಕಿತು. ರಜೆಯ ದಿನಗಳಾದ್ದರಿಂದ ತರಗತಿ ಖಾಲಿಯಿತ್ತು. ಹುಲ್ಲು ಹಾಸಿ ಮಕ್ಕಳು ಮಲಗಿದರು. ಹೊರಗೆ ಸಿಡಿಲು ಹೊಡೆಯುತ್ತಿತ್ತು, ಮೇಷ್ಟರಿಗೆ ನಿದ್ರೆ ಹತ್ತಲಿಲ್ಲ. ರಜೆಯಲ್ಲಿ ಬೀಗ ಹಾಕಿ ಕೂರುವ ಈ ಶಾಲೆಗಳನ್ನೇ, ಒಂದು ದಿನದ ನಡಿಗೆಗೆ ಒಂದರಂತೆ, ನಾಡಿನಾದ್ಯಂತ ಮಕ್ಕಳ ಛತ್ರಗಳನ್ನಾಗಿ ಏಕೆ ಮಾಡಬಾರದು ಎಂಬ ಯೋಚನೆ ಅವರಿಗೆ ಹೊಳೆದದ್ದು ಆ ರಾತ್ರಿ. ಮರುವರ್ಷ ಕಲೋನ್‌ನ ಪತ್ರಿಕೆಯೊಂದರಲ್ಲಿ ಅದನ್ನು ಲೇಖನವಾಗಿ ಬರೆದರು. 1912ರಲ್ಲಿ ಆಲ್ಟೆನಾ ಊರಿನ ನೆತ್ತಿಯ ಮೇಲಿನ ಕೋಟೆಯಲ್ಲಿ ಪ್ರಪಂಚದ ಮೊದಲ ಕಾಯಂ ಯೂತ್ ಹಾಸ್ಟೆಲ್ ಆರಂಭವಾಯಿತು. ಶತಮಾನಗಳ ಕಾಲ ಸರದಾರರ ಬಾಗಿಲಾಗಿದ್ದುದನ್ನು ಕೂಲಿಗಾರರ ಮಕ್ಕಳು ಬೆನ್ನುಚೀಲ ಹೊತ್ತು ದಾಟಿದರು.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳ ಶಾಲಾಪ್ರವಾಸದಲ್ಲಿ ನಾವೂ ಬೇರೆ ಊರಿನ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ ಮಲಗುತ್ತಿದ್ದೆವು. ಒಲೆ ಹೂಡಿ ಉಪ್ಪಿಟ್ಟು ಮಾಡಿದ್ದು, ಕಪ್ಪುಹಲಗೆಯ ಮೇಲೆ ಆ ಊರಿನ ಮಕ್ಕಳಿಗೆ ನಿಮ್ಮಲ್ಲೊಬ್ಬರು ಒಗಟು ಬರೆದಿಟ್ಟು ಬಂದದ್ದು ನನಗಂತೂ ಮರೆತಿಲ್ಲ. ಎಷ್ಟು ಮಕ್ಕಳಿದ್ದಾರೆಂದು ಅರ್ಧರಾತ್ರಿಯಲ್ಲಿ ಟಾರ್ಚು ಹಿಡಿದು ಎಣಿಸಿದವನಿಗೆ ಶಿರ್‌ಮನ್ನರ ಆ ನಿದ್ರೆಯಿಲ್ಲದ ರಾತ್ರಿ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಶಿರ್‌ಮನ್ ಫ್ರಾನ್ಸ್ ಗಡಿಯ ವೋಜ್ ಬೆಟ್ಟಗಳಲ್ಲಿ ಸೈನಿಕರಾಗಿದ್ದರು. 1915ರ ಕ್ರಿಸ್ಮಸ್ ದಿನ ಎದುರುಬದುರಿನ ಕಂದಕಗಳ ಜರ್ಮನರೂ ಫ್ರೆಂಚರೂ ಗುಂಡು ನಿಲ್ಲಿಸಿ ರೊಟ್ಟಿ, ಮದ್ಯ, ಸಿಗರೇಟುಗಳನ್ನು ವಿನಿಮಯ ಮಾಡಿಕೊಂಡುದನ್ನು ಅವರು ಕಂಡು ಬರೆದಿದ್ದಾರೆ. ಎಲ್ಲ ದೇಶಗಳ ಮಕ್ಕಳು ಒಂದೇ ಸೂರಿನಡಿ ಒಂದು ರಾತ್ರಿ ಕಳೆಯುವಂತಾದರೆ ಎಂಬ ಆಸೆ ಅಲ್ಲಿ ಬಲವಾಯಿತು. 1919ರಲ್ಲಿ ಜರ್ಮನ್ ಯೂತ್ ಹಾಸ್ಟೆಲ್ ಸಂಘವು ಸ್ಥಾಪನೆಯಾಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಅದರ ಅಧ್ಯಕ್ಷ ಸ್ಥಾನ ಶಿರ್‌ಮನ್ನರಿಗೆ ಬಂತು.

ಕಥೆ ಇಲ್ಲಿಗೇ ಸುಖವಾಗಿ ಮುಗಿದಿದ್ದರೆ ನಾನು ಬಖಾರಾಖ್ ಊರಿನ ಷ್ಟಾಲೆಕ್ ಕೋಟೆಯನ್ನು ನಿಸ್ಸಂಕೋಚವಾಗಿ ಹೊಗಳಿ ವಿರಮಿಸುತ್ತಿದ್ದೆ. ರೈನ್ ದಂಡೆಯ ತಂಗುದಾಣಗಳಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಭವ್ಯವಾದ ನೋಟ ಮತ್ತೆಲ್ಲಿಯೂ ಸಿಗದೆಂದು ನನಗನ್ನಿಸುತ್ತದೆ. 1689ರಲ್ಲಿ ಫ್ರೆಂಚ್ ಸೈನ್ಯವು ಈ ಕೋಟೆಯನ್ನು ಮದ್ದಿಟ್ಟು ಸಿಡಿಸಿತು. ಎರಡು ಶತಮಾನಕ್ಕೂ ಮಿಕ್ಕಿ ಪಾಳುಬಿದ್ದಿದ್ದ ಅದನ್ನು 1920ರ ದಶಕದಲ್ಲಿ ಯೂತ್ ಹಾಸ್ಟೆಲ್ ಆಗಿಸಲೆಂದೇ ಮತ್ತೆ ಕಟ್ಟಿದರು. ಊರಿನಿಂದ ಮೆಟ್ಟಿಲು ಹತ್ತುವಾಗ ನಡುದಾರಿಯಲ್ಲಿ ವೆರ್ನರ್ ಚಾಪೆಲ್ ಎಂಬ ಮಾಡಿಲ್ಲದ ಕೆಂಪುಕಲ್ಲಿನ ಪೂಜಾಗೃಹ ಎದುರಾಗುತ್ತದೆ. ಎಲ್ಲರೂ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 1287ರಲ್ಲಿ ವೆರ್ನರ್ ಎಂಬ ಹುಡುಗನ ಸಾವನ್ನು ಯಹೂದಿಗಳ ತಲೆಗೆ ಕಟ್ಟಿ, ಈ ಕಣಿವೆಯ ಊರುಗಳಲ್ಲಿ ಅವರನ್ನು ಕೊಂದರು. ಆ ಸುಳ್ಳು ಆರೋಪದ ಮೇಲೆಯೇ ಎದ್ದ ಪೂಜಾಗೃಹವಿದು. ಟ್ರಿಯರ್ ಧರ್ಮಪ್ರಾಂತವು ವೆರ್ನರ್‌ನ ಹೆಸರನ್ನು ತನ್ನ ಪಂಚಾಂಗದಿಂದ ತೆಗೆದುಹಾಕಿದ್ದು 1963ರಲ್ಲಿ.

ಇನ್ನು ಮೇಲಿನ ಹಾಸ್ಟೆಲಿನ ವಿಷಯ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ದೇಶದ ಯೂತ್ ಹಾಸ್ಟೆಲುಗಳು ಹಿಟ್ಲರನ ಯುವಸಂಘಟನೆಯ ವಶವಾದವು. ಶಿರ್‌ಮನ್ನರು 1936ರಲ್ಲಿ ಸರ್ಕಾರದ ಒತ್ತಾಯದಿಂದ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷತೆಯನ್ನು ಬಿಡಬೇಕಾಯಿತು. 1942ರಲ್ಲಿ, ಜರ್ಮನಿ ವಶಪಡಿಸಿಕೊಂಡಿದ್ದ ಲಕ್ಸೆಂಬರ್ಗಿನಲ್ಲಿ ಯುವಕರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸುವ ಆಜ್ಞೆಯ ವಿರುದ್ಧ ಮುಷ್ಕರ ನಡೆಯಿತು. ಅದರಲ್ಲಿ ಪಾಲ್ಗೊಂಡ ಶಾಲಾಬಾಲಕರನ್ನು "ತಿದ್ದುವ" ಸಲುವಾಗಿ ತಂದಿಟ್ಟದ್ದು ಇದೇ ಷ್ಟಾಲೆಕ್ ಕೋಟೆಯಲ್ಲಿ. ಮಕ್ಕಳಿಗಾಗಿ ಹಾಸಿದ ಹಾಸಿಗೆಗಳ ಮೇಲೆಯೇ ಮಕ್ಕಳನ್ನು ಸೆರೆಯಿಟ್ಟರು. ಉಪಾಧ್ಯಾಯನಾದ ನನಗೆ ಈ ಸಂಗತಿಯನ್ನು ಓದಿದ ಮೇಲೆ ಆ ಅಂಗಳದಿಂದ ಕಾಣುವ ನದಿಯ ನೋಟ ಮೊದಲಿನಂತೆ ಉಳಿಯಲಿಲ್ಲ. ಆದರೂ ಅಲ್ಲಿ ಉಳಿಯಬೇಡಿ ಎನ್ನಲಾರೆ. ಉಳಿಯಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಅವರಿಗೆ ಈ ಎರಡು ಕಥೆಗಳನ್ನು ಹೇಳಿ. ಯೂತ್ ಹಾಸ್ಟೆಲ್ ಎಂಬ ಹೆಸರು ಕಂಡು ಹಿಂಜರಿಯಬೇಡಿ, ಕುಟುಂಬಗಳಿಗೂ ಅಲ್ಲಿ ಅವಕಾಶವಿದೆ. ಸದಸ್ಯತ್ವದ ಚೀಟಿ ಬೇಕಾಗುತ್ತದೆ. ಬೇಸಿಗೆ ರಜೆಗೆ ಬಹಳ ಮೊದಲೇ ಕಾದಿರಿಸಬೇಕು.

ಯುದ್ಧಾನಂತರ ಹಾಸ್ಟೆಲುಗಳ ಮರುಸ್ಥಾಪನೆಗೆ ದುಡಿದ ಶಿರ್‌ಮನ್ 1961ರಲ್ಲಿ ತೀರಿಕೊಂಡರು. ಆಲ್ಟೆನಾ ಕೋಟೆಯಲ್ಲಿ ಅವರ ಕಾಲದ ಮಲಗುವ ಕೋಣೆಗಳನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಒಂದರ ಮೇಲೊಂದು ಜೋಡಿಸಿದ ಒರಟು ಮರದ ಮಂಚಗಳು ಅಲ್ಲಿವೆ. ನಮ್ಮ ಶಾಲೆಯ ಏಳನೆಯ ತರಗತಿಯವರು ನೋಡಿದ್ದರೆ ಮೇಲಿನ ಮಂಚಕ್ಕಾಗಿ ಜಗಳವಾಡುತ್ತಿದ್ದರು. ಕೋಟೆಯ ಆವರಣದಲ್ಲಿ ಇಂದಿಗೂ ಯೂತ್ ಹಾಸ್ಟೆಲ್ ನಡೆಯುತ್ತಿದೆ. 2014ರಿಂದ ಬೆಟ್ಟದೊಳಗೆ ಸುರಂಗ ಕೊರೆದು ಲಿಫ್ಟ್ ಹಾಕಿರುವುದರಿಂದ, ಮಂಡಿನೋವಿನ ಅಜ್ಜ ಅಜ್ಜಿಯರನ್ನೂ ನೀವು ಧೈರ್ಯವಾಗಿ ಕರೆದೊಯ್ಯಬಹುದು.